ಟಿವಿಎಸ್ ಡಯೋಡ್: ತಯಾರಿ ನಿಂತ ಮೇಲೆ ಬದಲಿ ಹುಡುಕುವುದು

ಟಿವಿಎಸ್ ಅಂದರೆ ಟ್ರಾನ್ಸಿಯೆಂಟ್ ವೋಲ್ಟೇಜ್ ಸಪ್ರೆಸರ್. ಸರ್ಕ್ಯೂಟ್ ಬೋರ್ಡಿನಲ್ಲಿ ಸಪ್ಲೈ ಲೈನಿಗೂ ಗ್ರೌಂಡಿಗೂ ನಡುವೆ ಕೂರುವ ಡಯೋಡ್ ಇದು. ವೋಲ್ಟೇಜ್ ಮಾಮೂಲಿಯಾಗಿದ್ದಾಗ ಸುಮ್ನಿರುತ್ತದೆ. ಮೋಟರ್ ಆಫ್ ಆಗಿಯೋ, ಹತ್ತಿರದಲ್ಲಿ ಸಿಡಿಲು ಬಡಿದೋ ಸರ್ಜ್ (ಕ್ಷಣಮಾತ್ರ ಏರಿಬರುವ ವೋಲ್ಟೇಜ್) ಬಂದರೆ ಆ ಕರೆಂಟನ್ನು ತಾನೇ ಗ್ರೌಂಡಿಗೆ ಹರಿಸಿ ಮುಂದಿನ ಚಿಪ್‌ಗಳನ್ನು ಕಾಯುತ್ತದೆ.

ಬೋರ್ಡಿನಲ್ಲಿರುವ ಟಿವಿಎಸ್‌ನ ತಯಾರಿ ನಿಂತಿದೆ ಎಂದ ಕೂಡಲೇ ಅದೇ ನಂಬರಿನ ಹಳೆ ಸ್ಟಾಕ್ ಬೆನ್ನು ಹತ್ತುವವರೇ ಜಾಸ್ತಿ. ಬಹಳ ಸಲ ಅದರ ಅಗತ್ಯವೇ ಇರುವುದಿಲ್ಲ. ಡೇಟಾಶೀಟ್ (ತಯಾರಕರು ಕೊಡುವ ಅಂಕಿಅಂಶದ ಹಾಳೆ) ಓದಲು ಬಂದರೆ ಸಾಕು.

ಎಸ್‌ಎಂಬಿಜೆ 15ಎ ಎಂಬ ಟಿವಿಎಸ್ ತೆಗೆದುಕೊಳ್ಳಿ. ಇದರಲ್ಲಿ 15 ಎಂಬುದು ಸ್ಟ್ಯಾಂಡ್‌ಆಫ್ ವೋಲ್ಟೇಜ್. ಅಷ್ಟರವರೆಗೆ ಡಯೋಡ್ ತೆಪ್ಪಗಿರುತ್ತದೆ. ಬ್ರೇಕ್‌ಡೌನ್ (ಡಯೋಡ್ ಕರೆಂಟ್ ಬಿಡುವುದು) ಶುರುವಾಗುವುದು 16.7 ವೋಲ್ಟ್‌ನಿಂದ. ಪೂರ್ತಿ ಸರ್ಜ್ ಬಂದಾಗ ಕ್ಲ್ಯಾಂಪಿಂಗ್ ವೋಲ್ಟೇಜ್ (ಆಗ ಲೈನಿನಲ್ಲಿ ಉಳಿಯುವ ವೋಲ್ಟೇಜ್) 24.4ರ ತನಕ ಹೋಗಬಹುದು. ಅಂದರೆ 20 ವೋಲ್ಟ್‌ಗೆ ಸಾಯುವ ಚಿಪ್ಪನ್ನು ಇದು ಉಳಿಸುತ್ತದೆ ಎಂದು ನಂಬುವ ಹಾಗಿಲ್ಲ.

ಈಗ ಪಿ6ಕೆಇ 15ಎ ನೋಡಿ. ಅದರ ಹಾಗೆ ಇದೂ 600 ವ್ಯಾಟಿನದು (ಸರ್ಜ್ ಬಂದ ಕ್ಷಣ ತಡೆದುಕೊಳ್ಳಬಲ್ಲ ಗರಿಷ್ಠ ಪವರ್), ಇದರಲ್ಲೂ 15 ಇದೆ. ಆದರೆ ಈ ಸರಣಿಯಲ್ಲಿ ಅದು ಬ್ರೇಕ್‌ಡೌನ್ ವೋಲ್ಟೇಜ್! ಸ್ಟ್ಯಾಂಡ್‌ಆಫ್ ಬರೀ 12.8. ಇದನ್ನು 15 ವೋಲ್ಟ್ ಲೈನಿಗೆ ಹಾಕಿದರೆ ಸರ್ಜ್ ಇಲ್ಲದಿದ್ದರೂ ಕರೆಂಟ್ ಹರಿದು ಬಿಸಿಯಾಗುತ್ತಾ ಹೋಗಬಹುದು. 1.5ಕೆಇ ಸರಣಿಯದ್ದೂ ಇದೇ ಕಥೆ. ಹೆಸರಿನ ಕೊನೆಗೆ 'ಸಿಎ' ಇದ್ದರೆ ಎರಡೂ ದಿಕ್ಕಿಗೆ (ಪ್ಲಸ್, ಮೈನಸ್ ಎರಡೂ ಸರ್ಜಿಗೆ), ಬರೀ 'ಎ' ಇದ್ದರೆ ಒಂದೇ ದಿಕ್ಕಿಗೆ.

ವ್ಯಾಟ್ ಲೆಕ್ಕದಲ್ಲೂ ಹುಷಾರು. ಆ 600 ವ್ಯಾಟ್ 10/1000 ಮೈಕ್ರೋಸೆಕೆಂಡ್ (10ರಲ್ಲಿ ತುದಿಗೇರಿ, 1000ದ ಹೊತ್ತಿಗೆ ಅರ್ಧಕ್ಕಿಳಿಯುವ) ಪಲ್ಸ್‌ಗೆ ಹೇಳಿದ್ದು. 8/20 ಪಲ್ಸ್ ತುಂಬಾ ಚಿಕ್ಕದು, ಹಾಗಾಗಿ ಅದೇ ಡಯೋಡಿಗೆ ಅಲ್ಲಿ ದೊಡ್ಡ ಅಂಕಿ ಬರೆಯಬಹುದು. ಎರಡನ್ನೂ ಪಕ್ಕ ಪಕ್ಕ ಇಟ್ಟು ಹೋಲಿಸಬಾರದು.

ಎಸ್‌ಎಂಎಜೆ, ಎಸ್‌ಎಂಬಿಜೆ, ಎಸ್‌ಎಂಸಿಜೆ ಸರಣಿಗಳನ್ನು ಹಲವು ಕಂಪನಿಗಳು ತಯಾರಿಸುತ್ತವೆ. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರದ್ದು ಅದೇ ಪ್ಯಾಡಿನ (ಬೋರ್ಡಿನ ಬೆಸುಗೆ ಜಾಗದ) ಮೇಲೆ ಕೂರುತ್ತದೆ. ನಿಜವಾದ ತಲೆನೋವು ಡೇಟಾ ಲೈನಿನ ಚಿಕ್ಕ ಅರೇಗಳದ್ದು (ಒಂದೇ ಪ್ಯಾಕೇಜಿನಲ್ಲಿ ಹಲವು ಟಿವಿಎಸ್). ಯುಎಸ್‌ಬಿ 3ರಂಥ ವೇಗದ ಲೈನಿಗೆ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಗುಣ, ಹೆಚ್ಚಾದರೆ ಸಿಗ್ನಲ್ ಕೆಡುತ್ತದೆ) ಅರ್ಧ ಪಿಕೋಫ್ಯಾರಡ್ ಆಸುಪಾಸು ಅಥವಾ ಅದಕ್ಕೂ ಕಡಿಮೆ ಇರಬೇಕು, ಪಿನ್ ಜೋಡಣೆಯೂ ಹೊಂದಬೇಕು. ಹೊಂದುವ ಬದಲಿ ಸಿಗದಿದ್ದಾಗ ಮಾತ್ರ ಹಳೆ ಸ್ಟಾಕಿನ ಕಡೆ ನೋಡುವುದು ಸರಿ.

ಅಧಿಕೃತ ವಿತರಕರ ಬಳಿ ಉಳಿಕೆ ಇದ್ದರೆ ಮೊದಲು ಅದು. ಬೇರೆ ಕಡೆಯಿಂದ ತಂದರೆ ಕೆಲವನ್ನು ಪರೀಕ್ಷಿಸಿ: ಡೇಟಾಶೀಟಿನಲ್ಲಿ ಹೇಳಿದ ಕರೆಂಟ್ ಹರಿಸಿ (ಸಾಮಾನ್ಯವಾಗಿ 1 ಮಿಲಿಆಂಪ್) ಬ್ರೇಕ್‌ಡೌನ್ ಅಳೆಯಿರಿ. ಅಂಕಿ ತಪ್ಪಿದರೆ ಮಾಲು ವಾಪಸ್. ಅಂಕಿ ಸರಿಯಿದ್ದರೂ ವ್ಯಾಟ್ ಸರಿಯಿದೆ ಎಂದು ಅರ್ಥವಲ್ಲ. ಒಳಗೆ ಚಿಕ್ಕ ಸಿಲಿಕಾನ್ ತುಂಡು ಇಟ್ಟ ನಕಲಿಯೂ ಇದೇ ಬ್ರೇಕ್‌ಡೌನ್ ತೋರಿಸಬಲ್ಲದು. ಅದು ಗೊತ್ತಾಗಬೇಕಾದರೆ ಸರ್ಜ್ ಜನರೇಟರಿಗೆ ಹಾಕಿ ನೋಡಬೇಕು, ಇಲ್ಲವೇ ಒಂದೆರಡನ್ನು ಒಡೆದು ನೋಡಬೇಕು.