ಬಿಸಿಯಾದರೆ ಉದ್ದವಾಗುವ ಪೈಪು

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಮುಂದೆ ನೇತುಬಿದ್ದ ಸೈಲೆನ್ಸರ್‌ಗಳನ್ನು ಕಂಡರೆ, ಖಾಲಿ ಡಬ್ಬ, ಎರಡು ಕಡೆ ಕೊಳವೆ, ಇದರಲ್ಲೇನಿದೆ ಅನ್ನಿಸುತ್ತದೆ. ಹಳೆಯದನ್ನು ಬಿಚ್ಚಿ ಹೊಸದನ್ನು ಸಿಕ್ಕಿಸಿ ನಾಲ್ಕು ಬೋಲ್ಟು ಬಿಗಿದರೆ ಮುಗಿಯಿತು ಎಂದು ಭಾನುವಾರ ಬೆಳಿಗ್ಗೆ ಪಿಕಪ್ ಕೆಳಗೆ ನುಸುಳುವವರು ಕಮ್ಮಿಯಿಲ್ಲ. ಕೆಲಸ ಮನೆಯಲ್ಲಿ ಆಗುವಂಥದ್ದೇ. ಆದರೆ ಹದಿನೈದು ದಿನ ಕಳೆಯುವಷ್ಟರಲ್ಲಿ ಟಣಟಣ ಸದ್ದು, ಸೀಳಿದ ಬ್ರಾಕೆಟ್ಟು, ಮಸಿ ಉಗುಳುವ ಜಾಯಿಂಟು ಕಾಣಿಸಿಕೊಂಡರೆ ಬಹಳ ಸಲ ತಪ್ಪು ಬೋಲ್ಟಿನದಲ್ಲ. ತಣ್ಣಗಿರುವ ಪೈಪಿನ ಅಳತೆಗೆ ಎಲ್ಲವನ್ನೂ ಬಿಗಿದದ್ದೇ ತಪ್ಪು. ಗಾಡಿ ಓಡುವಾಗ ಆ ಪೈಪಿನ ಅಳತೆಯೇ ಬೇರೆ.

ಲೆಕ್ಕ ಹಾಕಿ ನೋಡಿ. ಸಾಮಾನ್ಯ ಮೈಲ್ಡ್ ಸ್ಟೀಲ್ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಭಾಗದಷ್ಟು ಹಿಗ್ಗುತ್ತದೆ. ಪಿಕಪ್‌ನ ಪೈಪು 3 ಮೀಟರ್, ಬಿಸಿ 300 ಡಿಗ್ರಿ ಏರಿತು ಎಂದರೆ ಪೈಪು ಸುಮಾರು 11 ಮಿಲಿಮೀಟರ್ ಉದ್ದವಾಗುತ್ತದೆ. ಅದೇ 304 ದರ್ಜೆಯ ಸ್ಟೇನ್‌ಲೆಸ್ ಆದರೆ ಹಿಗ್ಗುವಿಕೆ ಹತ್ತು ಲಕ್ಷಕ್ಕೆ 17 ಭಾಗ, ಅಂದರೆ 15 ಮಿಲಿಮೀಟರ್. ಗಾಡಿಯ ಚೌಕಟ್ಟು, ಅಂದರೆ ಚಾಸಿ, ಮಾತ್ರ ತಣ್ಣಗೆ ಇದ್ದಲ್ಲೇ ಇರುತ್ತದೆ. ಎರಡು ತುದಿಯನ್ನೂ ಅಲುಗದಂತೆ ಹಿಡಿದಿಟ್ಟರೆ ಆ ಒಂದೂವರೆ ಸೆಂಟಿಮೀಟರ್ ಎಲ್ಲಿಗೆ ಹೋಗಬೇಕು? ಪೈಪು ಬಾಗುತ್ತದೆ, ವೆಲ್ಡಿಂಗ್ ಬಿಡುತ್ತದೆ, ಇಲ್ಲವೇ ಹ್ಯಾಂಗರ್ ಮುರಿಯುತ್ತದೆ. ಕಾರ್ಖಾನೆಯವರು ಸೈಲೆನ್ಸರನ್ನು ರಬ್ಬರ್ ಬುಷ್‌ಗಳಿಂದ ಉಯ್ಯಾಲೆಯಂತೆ ತೂಗಿಬಿಡುವುದು ಅದುರು ತಡೆಯಲು ಮಾತ್ರವಲ್ಲ, ಹಿಂದೆ ಮುಂದೆ ಸರಿಯಲು ಜಾಗ ಕೊಡುವುದಕ್ಕೂ ಹೌದು. ರಬ್ಬರ್ ಹರಿದಾಗ ಆ ಜಾಗಕ್ಕೆ ತಂತಿ ಬಿಗಿದು ಕಟ್ಟುವವರು ಉಯ್ಯಾಲೆಯನ್ನೇ ಕಂಬಕ್ಕೆ ಕಟ್ಟಿದಂತೆ.

ಸ್ಟೇನ್‌ಲೆಸ್ ಎಂದ ತಕ್ಷಣ ನಂಬಬೇಡಿ, ಜೇಬಿನಲ್ಲೊಂದು ಅಯಸ್ಕಾಂತ ಇರಲಿ. 409 ದರ್ಜೆಗೆ ಅದು ಗಟ್ಟಿಯಾಗಿ ಅಂಟುತ್ತದೆ. 304ಕ್ಕೆ ಅಂಟುವುದಿಲ್ಲ, ಬಾಗಿಸಿದ ಜಾಗದಲ್ಲಿ ಮಾತ್ರ ತುಸು ಎಳೆದೀತು. 409 ಕೀಳೇನಲ್ಲ. ಕಾರ್ಖಾನೆಯಿಂದ ಬರುವ ಎಷ್ಟೋ ಪೈಪು ಅದರದ್ದೇ, ಹಿಗ್ಗುವುದೂ ಕಮ್ಮಿ. ಮೇಲ್ಮೈ ಕಂದು ಬಣ್ಣಕ್ಕೆ ತಿರುಗುತ್ತದೆ, ಅಷ್ಟೇ. 304ರ ದುಡ್ಡು ಕೊಟ್ಟು 409 ತಂದರೆ ಮಾತ್ರ ಬೇಸರ.

ಯಾವ ಗಾಡಿಗೆ ಕೈ ಹಾಕಬಹುದು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 (ಹೊಗೆ ಮಿತಿಯ ಭಾರತ್ ಸ್ಟೇಜ್ ಮಾನದಂಡ) ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಹೊಗೆಯ ವಿಷ ಕಮ್ಮಿ ಮಾಡುವ ಆಕ್ಸಿಡೇಶನ್ ಕ್ಯಾಟಲಿಸ್ಟ್, ಮಸಿ ಹಿಡಿಯುವ ಫಿಲ್ಟರ್, ಹಲವು ಗಾಡಿಗಳಲ್ಲಿ ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆ, ಇವಕ್ಕೆಲ್ಲ ಕಾವಲಾಗಿ ಉಷ್ಣತೆ ಮತ್ತು ಒತ್ತಡದ ಸೆನ್ಸರ್‌ಗಳು ಇರುತ್ತವೆ. ಕೆಲವು ಲಾರಿಗಳಲ್ಲಿ ಇದೆಲ್ಲ ಸೈಲೆನ್ಸರ್ ಡಬ್ಬದೊಳಗೇ ಕೂತಿರುತ್ತದೆ. ಇದರಲ್ಲಿ ಯಾವುದನ್ನು ಕಿತ್ತರೂ ಎಂಜಿನ್ನಿನ ಕಂಪ್ಯೂಟರ್ ದೀಪ ಹೊತ್ತಿಸಿ ಶಕ್ತಿ ಇಳಿಸುತ್ತದೆ. ಮನೆಯ ಕೆಲಸ ಏನಿದ್ದರೂ ಕೊನೆಯ ಸೆನ್ಸರ್ ದಾಟಿದ ಮೇಲೆ. ಹಳೆಯ ಬಿಎಸ್-3, ಬಿಎಸ್-4 ಪಿಕಪ್‌ಗಳಲ್ಲಿ ಕ್ಯಾಟಲಿಸ್ಟ್‌ನ ಹಿಂದಿನ ಭಾಗ, ಅಂದರೆ ನಡುವಿನ ಪೈಪು, ಸೈಲೆನ್ಸರ್ ಮತ್ತು ಬಾಲದ ಪೈಪು ಬದಲಿಸಬಹುದು. ಕಂಪನಿಯ ಮೂಲ ಸದ್ದಿಗಿಂತ ಹೆಚ್ಚು ಸದ್ದು ಮಾಡುವ ಮಾಲು ಬೇಡ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್‌ನಲ್ಲಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಇದೆ. ನಮ್ಮ ವಸತಿ ಬೀದಿಗಳ ರಾತ್ರಿಯ ಶಬ್ದಮಿತಿ 45 ಡೆಸಿಬೆಲ್ ಎಂಬುದೂ ನೆನಪಿರಲಿ.

ಡಬ್ಬದೊಳಗೆ ಸದ್ದು ಸಾಯುವುದು ಹೇಗೆ? ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಹೊಗೆ ಉಗುಳುತ್ತದೆ. ನಿಮಿಷಕ್ಕೆ 3000 ಸುತ್ತು ಎಂದರೆ ಸೆಕೆಂಡಿಗೆ 100 ಗುದ್ದು, 100 ಹರ್ಟ್ಸ್. ಪೈಪಿನೊಳಗಿನ ಹೊಗೆ 350 ಡಿಗ್ರಿ ಇದ್ದರೆ ಅಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 500 ಮೀಟರ್, ಆದ್ದರಿಂದ ಒಂದು ಅಲೆಯ ಉದ್ದ 5 ಮೀಟರ್. ಇಷ್ಟು ಉದ್ದದ ಅಲೆಯನ್ನು ಗಾಜಿನ ಉಣ್ಣೆ ಹೀರಲಾರದು. ಅದು ಹೀರುವುದು ಕೀರಲು ಸದ್ದನ್ನು. ದಪ್ಪ ಸದ್ದಿಗೆ ಬೇರೆ ಉಪಾಯ ಬೇಕು. ಕಿರಿದಾದ ಕೊಳವೆ ಒಮ್ಮೆಲೇ ಅಗಲ ಕೋಣೆಗೆ ತೆರೆದುಕೊಂಡಾಗ ಅಲೆಯ ಒಂದು ಭಾಗ ಬಂದ ದಾರಿಯಲ್ಲೇ ವಾಪಸಾಗಿ ಹಿಂದಿನಿಂದ ಬರುವ ಅಲೆಗೆ ಎದುರಾಗಿ ಅದನ್ನು ಕುಗ್ಗಿಸುತ್ತದೆ. ಕಂಪನಿಯ ಸೈಲೆನ್ಸರಿನೊಳಗಿನ ಅಡ್ಡಗೋಡೆಗಳ ಕೆಲಸ ಇದು. 'ಫ್ರೀ ಫ್ಲೋ' ಎಂದು ಮಾರುವ ಸೈಲೆನ್ಸರಿನಲ್ಲಿ ಗೋಡೆಗಳಿಲ್ಲ, ತೂತಿನ ನೇರ ಕೊಳವೆಯ ಸುತ್ತ ಉಣ್ಣೆ ತುಂಬಿರುತ್ತದೆ. ಹಾಗಾಗಿ ಕೀರಲು ಹೋಗಿ ಗುಡುಗು ಉಳಿಯುತ್ತದೆ.

ಆ ಗುಡುಗನ್ನು ಕೇಳಿ ಶಕ್ತಿ ಹೆಚ್ಚಿತು ಎಂದು ಹಿಗ್ಗುವುದು ಕಿವಿಯ ಮೋಸ. ಪೈಪಿನಲ್ಲಿ ಹೊಗೆಗೆ ಆಗುವ ಅಡ್ಡಿ ಹರಿವಿನ ವೇಗದ ವರ್ಗದಷ್ಟು ಏರುತ್ತದೆ. ನಿಮಿಷಕ್ಕೆ 3000 ಸುತ್ತಿನಲ್ಲಿ ಇರುವ ಅಡ್ಡಿ 1500ರಲ್ಲಿ ಹೆಚ್ಚುಕಮ್ಮಿ ಕಾಲು ಭಾಗ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎರಡನೇ ಗೇರಿನಲ್ಲಿ ತೆವಳುವ ಗಾಡಿಗೆ ಅಗಲ ಪೈಪು ಏನು ತಾನೇ ಮಾಡೀತು? ತುಂಬಿದ ಲೋಡಿನಲ್ಲಿ ತುಮಕೂರು ರಸ್ತೆಯ ಏರು ಹತ್ತುವ ಟರ್ಬೊ ಡೀಸೆಲ್‌ಗೆ ಅಲ್ಪಸ್ವಲ್ಪ ಲಾಭ ಉಂಟು. 2 ಇಂಚಿನ ಬದಲು ಎರಡೂಕಾಲು ಇಂಚು ಹಾಕಿದರೆ ಅಷ್ಟೇ ಹರಿವಿಗೆ ಕೊಳವೆಯ ಗೋಡೆಯ ಘರ್ಷಣೆ ಸುಮಾರು 45% ಇಳಿಯುತ್ತದೆ. ಅದಕ್ಕಿಂತ ಅಗಲ ಹೋಗುವುದು ಲೋಹಕ್ಕೆ ದಂಡ. 'ಎಂಜಿನ್ನಿಗೆ ಸ್ವಲ್ಪ ಬ್ಯಾಕ್ ಪ್ರೆಶರ್ ಬೇಕು', ಅಂದರೆ ಹೊಗೆಗೆ ಸ್ವಲ್ಪ ಎದುರೊತ್ತಡ ಇರಬೇಕು ಎಂಬ ಗ್ಯಾರೇಜ್ ಮಾತು ಮಾತ್ರ ಸುಳ್ಳು. ಯಾವ ಎಂಜಿನ್ನಿಗೂ ಅದು ಬೇಕಿಲ್ಲ. ಎಲ್ಲ ಸಿಲಿಂಡರಿನ ಹೊಗೆ ಕೂಡಿಸುವ ಮ್ಯಾನಿಫೋಲ್ಡಿನ ಹತ್ತಿರದ ಪೈಪಿನ ಉದ್ದ ಕೆಡಿಸಿದಾಗ ಅಲೆಗಳ ತಾಳ ತಪ್ಪಿ ಶಕ್ತಿ ಇಳಿಯುವುದುಂಟು, ದೂರು ಬ್ಯಾಕ್ ಪ್ರೆಶರ್ ಮೇಲೆ ಬೀಳುತ್ತದೆ.

ಇನ್ನು ಕೈಕೆಲಸ. ಜಾಗ ಸಮತಟ್ಟಾಗಿರಬೇಕು, ಗಾಳಿಯಾಡಬೇಕು. ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಎಂಜಿನ್ ಚಾಲು ಮಾಡಿ ಪರೀಕ್ಷಿಸುವುದು ಸಾವಿಗೆ ಆಹ್ವಾನ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆ. ಬೆಂಗಳೂರಿನ ಮನೆಗಳ ಮುಂದಿನ ಇಂಟರ್‌ಲಾಕ್ ಟೈಲ್ಸ್ ಜಾಕ್ ಸ್ಟ್ಯಾಂಡಿನ ಕಾಲಡಿ ಕುಸಿಯುತ್ತದೆ, ಆದ್ದರಿಂದ ಕೆಳಗೆ 18 ಮಿಲಿಮೀಟರ್ ಪ್ಲೈವುಡ್ ತುಂಡು ಇಡಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಒಂದು ನಿಮಿಷವೂ ಹೋಗಬೇಡಿ.

ಬೋಲ್ಟುಗಳಿಗೆ ತುಕ್ಕು ಬಿಡಿಸುವ ಸ್ಪ್ರೇಯನ್ನು ಹಿಂದಿನ ರಾತ್ರಿಯೇ ಹೊಡೆದು ಬೆಳಿಗ್ಗೆ ಮತ್ತೊಮ್ಮೆ ಹೊಡೆಯಿರಿ. ಎರಡು ಬಾಯಿಯ ಸ್ಪ್ಯಾನರ್ ಬೇಡ, ಆರು ಮೂಲೆಯ ಸಾಕೆಟ್ ಬೇಕು. ನಟ್ಟು ಅಲುಗದಿದ್ದರೆ ಮೊದಲು ತುಸು ಬಿಗಿ ಕಡೆಗೇ ತಿರುಗಿಸಿ, ತುಕ್ಕಿನ ಹಿಡಿತ ಮುರಿದ ಮೇಲೆ ಬಿಚ್ಚಿ. ಆದರೂ ಬಾರದಿದ್ದರೆ ಗ್ರೈಂಡರಿನಲ್ಲಿ ಕತ್ತರಿಸುವುದೇ ಮೇಲು, ಡೀಸೆಲ್ ಟ್ಯಾಂಕಿನ ಪಕ್ಕ ಬೆಂಕಿ ಹಿಡಿಯುವ ಸಾಹಸ ಬೇಡ. ಕಿಡಿ ಹಾರುವ ದಿಕ್ಕಿನಲ್ಲಿ ಬ್ರೇಕ್ ಪೈಪು, ಇಂಧನ ಕೊಳವೆ ಇವೆಯೇ ನೋಡಿ ಒದ್ದೆ ಗೋಣಿ ಹೊದಿಸಿ. ಮ್ಯಾನಿಫೋಲ್ಡಿನ ಸ್ಟಡ್ ಮುರಿದರೆ ಅಲ್ಲಿಗೆ ನಿಲ್ಲಿಸಿ, ಅದು ವರ್ಕ್‌ಶಾಪಿನ ಕೆಲಸ. ರಬ್ಬರ್ ಬುಷ್‌ಗೆ ಸಾಬೂನು ನೀರು ಹಚ್ಚಿದರೆ ಹ್ಯಾಂಗರ್ ಕಡ್ಡಿಯಿಂದ ಜಾರುತ್ತದೆ. ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಕೊಳೆಯುತ್ತದೆ. ಹಳೆಯ ಬುಷ್‌ಗಳನ್ನು ಮತ್ತೆ ಹಾಕುವ ಜಿಪುಣತನ ಬೇಡ, ಜಾಯಿಂಟು ಸೋರದಂತೆ ನಡುವೆ ಕೂರಿಸುವ ಪ್ಯಾಕಿಂಗ್ ವಿಷಯದಲ್ಲೂ ಅಷ್ಟೇ. ಒಮ್ಮೆ ಚಪ್ಪಟೆಯಾದ ಪ್ಯಾಕಿಂಗ್ ಎರಡನೇ ಸಲ ಕೂರುವುದಿಲ್ಲ.

ಹೊಸದನ್ನು ಎಂಜಿನ್ ಕಡೆಯಿಂದ ಹಿಂದಕ್ಕೆ ಜೋಡಿಸುತ್ತಾ ಬನ್ನಿ. ಒಂದು ಪೈಪು ಇನ್ನೊಂದರೊಳಗೆ ಕನಿಷ್ಠ 40 ಮಿಲಿಮೀಟರ್ ಹೋಗಲಿ. ಎಲ್ಲ ನಟ್ಟುಗಳನ್ನೂ ಕೈಯಲ್ಲಿ ತಿರುಗಿಸಿ ಬಿಡಿ, ಯಾವುದನ್ನೂ ಪೂರ್ತಿ ಬಿಗಿಯಬೇಡಿ. ಸೈಲೆನ್ಸರಿನ ಭಾರವನ್ನು ಇನ್ನೊಂದು ಜಾಕ್ ಹೊರಲಿ. ಮುಂದಿನ ಜಾಲರಿ ಹೊದಿಸಿದ ಫ್ಲೆಕ್ಸ್ ಪೈಪು ಎಂಜಿನ್ನಿನ ಹೊರಳಾಟ ನುಂಗಲು ಇರುವುದು. ಅದು ತಿರುಚಿಕೊಂಡು ಕೂತರೆ, ಇಲ್ಲವೇ ಸೈಲೆನ್ಸರಿನ ಭಾರ ಹೊತ್ತರೆ ಬೇಗನೆ ಒಡೆಯುತ್ತದೆ.

ಇಲ್ಲೊಂದು ಬಲೆಯಿದೆ. ಚಾಸಿಗೆ ಸ್ಟ್ಯಾಂಡ್ ಕೊಟ್ಟು ಗಾಡಿ ಎತ್ತಿದಾಗ ಹಿಂದಿನ ಆಕ್ಸಲ್ ಕೆಳಕ್ಕೆ ಜೋತಾಡುತ್ತದೆ, ಅದರ ಮೇಲೆ ಹಾದುಹೋಗುವ ಪೈಪಿಗೆ ಬೇಕಾದಷ್ಟು ಜಾಗ ಕಾಣುತ್ತದೆ. ಚಕ್ರ ನೆಲಕ್ಕೆ ತಾಗಿ, ಮೇಲೆ ಟೊಮ್ಯಾಟೊ ಕ್ರೇಟುಗಳು ಬಿದ್ದಾಗ ಪಟ್ಟಿ ಸ್ಪ್ರಿಂಗ್ ಕುಗ್ಗಿ ಆಕ್ಸಲ್ ಮೇಲೇರುತ್ತದೆ. ರಸ್ತೆಯ ಮೊದಲ ಹಂಪ್‌ಗೇ ಪೈಪು ಜಜ್ಜುತ್ತದೆ. ಆದ್ದರಿಂದ ಜಾಗದ ಅಳತೆಯನ್ನು ಸ್ಟ್ಯಾಂಡನ್ನು ಆಕ್ಸಲ್ ಕೆಳಗೆ ಇಟ್ಟೇ ತೆಗೆದುಕೊಳ್ಳಿ, ಲೋಡಿನಲ್ಲಿ ಏರುವ ಅಂತರವನ್ನೂ ಬಿಡಿ. ಚಾಸಿಯಿಂದ 25 ಮಿಲಿಮೀಟರ್ ಸಾಕು. ಇಂಧನ ಕೊಳವೆಯಿಂದ ಕನಿಷ್ಠ 35 ಮಿಲಿಮೀಟರ್ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಬ್ರೇಕಿನ ರಬ್ಬರ್ ಹೋಸು, ಸ್ಟೆಪ್ನಿ ಟೈರು ಇವುಗಳಿಂದ ಇನ್ನೂ ದೂರ, ಆಗದಿದ್ದರೆ ನಡುವೆ ತಗಡಿನ ಮರೆ. ಬಾಲದ ಪೈಪಿನ ಬಾಯಿ ಬಾಡಿಯ ಅಂಚು ದಾಟಿ ಹೊರಗಿರಲಿ, ಎಡಕ್ಕಾಗಲಿ ಕೆಳಕ್ಕಾಗಲಿ ತಿರುಗಬಾರದು. ಎಡಗಡೆ ಫುಟ್‌ಪಾತ್ ಮೇಲೆ ಜನ ನಿಂತಿರುತ್ತಾರೆ.

ಸಾಲು ಸರಿಯಾದ ಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಯಿರಿ. ಎಂ8 (8 ಮಿಲಿಮೀಟರ್ ದಪ್ಪದ) ಬೋಲ್ಟಿಗೆ 20ರಿಂದ 25, ಎಂ10ಕ್ಕೆ 40ರಿಂದ 50 ನ್ಯೂಟನ್ ಮೀಟರ್ ಸಾಮಾನ್ಯ. ಗಾಡಿಯ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಫ್ಲೇಂಜಿನ, ಅಂದರೆ ಪೈಪಿನ ತುದಿಯ ಚಪ್ಪಟೆ ಅಂಚಿನ, ಬೋಲ್ಟುಗಳನ್ನು ಒಂದಾದ ಮೇಲೊಂದು ಪೂರ್ತಿ ಬಿಗಿಯದೆ ಅದಲುಬದಲಾಗಿ ಸ್ವಲ್ಪ ಸ್ವಲ್ಪ ಬಿಗಿದರೆ ಪ್ಯಾಕಿಂಗ್ ಸಮನಾಗಿ ಕೂರುತ್ತದೆ. ಯು-ಕ್ಲ್ಯಾಂಪ್ ಪೈಪನ್ನು ಹಿಸುಕಿ ಹಿಡಿಯುವುದರಿಂದ ಮುಂದೆ ಬಿಚ್ಚುವಾಗ ಗ್ರೈಂಡರೇ ಗತಿ. ಪಟ್ಟಿಯಂಥ ಬ್ಯಾಂಡ್ ಕ್ಲ್ಯಾಂಪ್ ಸ್ವಲ್ಪ ದುಬಾರಿಯಾದರೂ ಪೈಪನ್ನು ಕೆಡಿಸುವುದಿಲ್ಲ. ವೆಲ್ಡಿಂಗ್ ಬೇಕಾದರೆ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಅರ್ತಿಂಗ್ ಕ್ಲ್ಯಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಕಚ್ಚಿಸಿ. ಇಲ್ಲದಿದ್ದರೆ ಕರೆಂಟು ಎಂಜಿನ್ನಿನ ಕಂಪ್ಯೂಟರ್ ಮೂಲಕ ದಾರಿ ಹುಡುಕುತ್ತದೆ.

ಸೋರಿಕೆ ನೋಡುವುದು ಎಂಜಿನ್ ತಣ್ಣಗಿದ್ದಾಗ. ಚಾಲು ಮಾಡಿ, ಬಾಲದ ಪೈಪಿನ ಬಾಯಿಗೆ ದಪ್ಪ ಒದ್ದೆ ಬಟ್ಟೆಯನ್ನು ಕ್ಷಣಕಾಲ ಒತ್ತಿಹಿಡಿಯಲಿ ಒಬ್ಬರು. ಜಾಯಿಂಟುಗಳಿಗೆ ಹಚ್ಚಿದ ಸಾಬೂನು ನೀರಿನಲ್ಲಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ಇನ್ನೊಬ್ಬರು ನೋಡಲಿ. ಪೆಟ್ರೋಲ್ ಗಾಡಿಯಲ್ಲಿ ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಸೋರಿಕೆ ಇದ್ದರೆ ಎರಡು ಗುದ್ದುಗಳ ನಡುವೆ ಹೊರಗಿನ ಗಾಳಿ ಒಳನುಗ್ಗುತ್ತದೆ. ಸೆನ್ಸರ್ 'ಪೆಟ್ರೋಲ್ ಕಮ್ಮಿಯಾಗಿದೆ' ಎಂದು ತಪ್ಪು ತಿಳಿಸುತ್ತದೆ, ಎಂಜಿನ್ನಿನ ಕಂಪ್ಯೂಟರ್ ಅದನ್ನು ನಂಬಿ ಹೆಚ್ಚು ಸುರಿಸುತ್ತದೆ, ಮೈಲೇಜ್ ಇಳಿಯುತ್ತದೆ. ಮೊದಲ ಹತ್ತು ನಿಮಿಷ ಪೈಪಿನ ಮೈಯಿಂದ ಹೊಗೆ ಬಂದರೆ ಗಾಬರಿ ಬೇಡ, ಅದು ತಯಾರಿಯ ಎಣ್ಣೆ ಸುಡುವುದು.

ಕೆಲವು ಸಲ ಎಲ್ಲ ಸರಿಯಿದ್ದೂ 1800ರಿಂದ 2200 ಸುತ್ತಿನ ನಡುವೆ ಕ್ಯಾಬಿನ್ನಿನಲ್ಲಿ ತಲೆ ಹಿಡಿಯುವ ಗುಂಯ್‌ಗುಡುವಿಕೆ ಶುರುವಾಗುತ್ತದೆ. ಅದು 60ರಿಂದ 73 ಹರ್ಟ್ಸ್ ಸದ್ದು ಕ್ಯಾಬಿನ್ ಡಬ್ಬದೊಂದಿಗೆ ತಾಳ ಸೇರಿಸಿಕೊಂಡದ್ದು. ತುದಿ ಮುಚ್ಚಿದ ಪಕ್ಕದ ಪೈಪನ್ನು ಅಲೆಯ ಉದ್ದದ ಕಾಲು ಭಾಗಕ್ಕೆ ಮಾಡಿ ಜೋಡಿಸಿದರೆ ಅದೊಂದೇ ಸದ್ದು ಅಡಗುತ್ತದೆ. ಆದರೆ 70 ಹರ್ಟ್ಸ್‌ಗೆ ಅದು ಹತ್ತಿರ ಹತ್ತಿರ 1.8 ಮೀಟರ್ ಆಗಬೇಕು, ಪಿಕಪ್ ಕೆಳಗೆ ಅಷ್ಟು ಜಾಗ ಎಲ್ಲಿ? ಬಾಟಲಿಯಂತೆ ಸಣ್ಣ ಕತ್ತು, ದೊಡ್ಡ ಹೊಟ್ಟೆಯ ರೆಸೊನೇಟರ್ ಕಮ್ಮಿ ಜಾಗದಲ್ಲಿ ಅದೇ ಕೆಲಸ ಮಾಡುತ್ತದೆ. ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಬರುವ ಸದ್ದಿನ ಹಿಂದಿರುವ ಭೌತಶಾಸ್ತ್ರವೇ ಇದರ ಹಿಂದೆಯೂ ಇದೆ.

ಸುಮಾರು 100 ಕಿಲೋಮೀಟರ್ ಓಡಿದ ಮೇಲೆ, ಪೂರ್ತಿ ತಣ್ಣಗಾದಾಗ, ಪ್ರತಿ ಬೋಲ್ಟನ್ನೂ ಮತ್ತೊಮ್ಮೆ ಬಿಗಿಯಿರಿ; ಬಿಸಿ ತಣ್ಣಗೆ ಆಗುತ್ತಾ ಪ್ಯಾಕಿಂಗ್ ಇನ್ನಷ್ಟು ಕೂತಿರುತ್ತದೆ. ಜಾಯಿಂಟಿನ ಸುತ್ತ ಕಪ್ಪು ಮಸಿಯ ಗೆರೆ ಕಂಡರೆ ಅಲ್ಲೇ ಸೋರುತ್ತಿದೆ. ಹಾಗೇ ಡಬ್ಬದ ತಳದಲ್ಲಿ ಎರಡು ಮೂರು ಮಿಲಿಮೀಟರಿನ ತೂತೊಂದು ಇದ್ದರೆ, ಅದರಿಂದ ನೀರು ತೊಟ್ಟಿಕ್ಕುತ್ತಿದ್ದರೆ, ಎಂ-ಸೀಲ್ ಹಚ್ಚಿ ಮುಚ್ಚಬೇಡಿ. ಒಂದು ಲೀಟರ್ ಡೀಸೆಲ್ ಉರಿದಾಗ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಮನೆಯಿಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿಂದ ಮನೆಗೆ ಎಂದು ಸಣ್ಣ ದೂರ ಓಡುವ ಗಾಡಿಯ ಸೈಲೆನ್ಸರ್ ಆ ನೀರನ್ನು ಆವಿ ಮಾಡುವಷ್ಟು ಬಿಸಿಯಾಗುವುದೇ ಇಲ್ಲ. ಒಳಗೆ ನಿಂತ ನೀರಿಗೆ ಹೊರಹೋಗಲು ಇರುವುದು ಅದೊಂದೇ ಬಾಗಿಲು.