ಹಳೇ ಪೇಟೆಗೆ ಹೊಸ ರೂಪ: ಕಟ್ಟಿದ ಮೇಲೆ ಗುಡಿಸುವವರು ಯಾರು?

ಬೆಂಗಳೂರಿನ ವಿಜಯನಗರದಲ್ಲಿ ಪರೀಕ್ಷೆಗೆ ಓದುವ ನಮ್ಮ ಗುಂಪಿನಲ್ಲಿ ಕಳೆದ ವಾರ ಒಂದು ಪ್ರಶ್ನೆ ಹಾಕಿಕೊಂಡಿದ್ದೆವು. 80,000 ಜನ ಇರುವ ಊರಿನ ನಗರಸಭೆಗೆ ನೀವು ಪೌರಾಯುಕ್ತರು. ಊರ ನಡುವಿನ ಹಳೇ ಪೇಟೆ ಕಿಷ್ಕಿಂಧೆಯಾಗಿದೆ. ಏನು ಮಾಡುತ್ತೀರಿ? ಆರು ಜನ ಉತ್ತರ ಬರೆದೆವು. ಐದು ಜನ ಸರ್ಕಲ್ಲಿನಲ್ಲಿ ಕಾರಂಜಿ ಇಟ್ಟಿದ್ದರು. ಆ ಐದರಲ್ಲಿ ನಾನೂ ಒಬ್ಬ. ಕಾರಂಜಿಗೆ ನೀರು ಎಲ್ಲಿಂದ, ಕರೆಂಟ್ ಬಿಲ್ ಯಾರ ಲೆಕ್ಕಕ್ಕೆ ಅಂತ ಒಬ್ಬರೂ ಬರೆದಿರಲಿಲ್ಲ. ಆ ನಾಚಿಕೆಯಲ್ಲಿ ಮತ್ತೆ ಕೂತು ಬರೆದ ಟಿಪ್ಪಣಿ ಇದು.

ಮೊದಲು ಬುನಾದಿ, ಬೇಗ ಮುಗಿಸೋಣ. 10ರಿಂದ 20 ಸಾವಿರ ಜನ ಇದ್ದರೆ ಪಟ್ಟಣ ಪಂಚಾಯಿತಿ. 20ರಿಂದ 50 ಸಾವಿರಕ್ಕೆ ಪುರಸಭೆ. 50 ಸಾವಿರದಿಂದ 3 ಲಕ್ಷದವರೆಗೆ ನಗರಸಭೆ. ಈ ಮೂರಕ್ಕೂ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಅದರಾಚೆ ಮಹಾನಗರ ಪಾಲಿಕೆ, ಅದಕ್ಕೆ 1976ರ ಬೇರೆ ಕಾಯ್ದೆ. ನಗರಾಡಳಿತದ ಬಗ್ಗೆ ಇರುವ ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದು ಸೇರಿಸಿದ 12ನೇ ಅನುಸೂಚಿಯಲ್ಲಿ ಇಂಥ ಸಂಸ್ಥೆಗಳಿಗೆ ವಹಿಸಬಹುದಾದ 18 ಕೆಲಸಗಳ ಪಟ್ಟಿ ಇದೆ. ನಗರ ಯೋಜನೆ, ರಸ್ತೆ, ನೀರು, ಉದ್ಯಾನ, ಆಟದ ಮೈದಾನ, ಬೀದಿ ದೀಪ ಎಲ್ಲವೂ ಅಲ್ಲಿವೆ. ಓದುವಾಗ ನಗರಸಭೆಯೇ ಊರಿನ ಯಜಮಾನ ಅನ್ನಿಸುತ್ತದೆ. ಪೇಟೆಗೆ ಇಳಿದು ನೋಡಿ, ಹಾಗಿರುವುದಿಲ್ಲ.

ಸಣ್ಣ ಊರಿನ ಮುಖ್ಯ ಬೀದಿ ಬಹಳ ಸಲ ರಾಜ್ಯ ಹೆದ್ದಾರಿ. ಅಂದರೆ ಟಾರು ಲೋಕೋಪಯೋಗಿ ಇಲಾಖೆಯದು. ಪಕ್ಕದ ಕಂಬ ವಿದ್ಯುತ್ ಕಂಪನಿಯದು. ಅಂಗಡಿ ಮುಂದಿನ ಕಸ ಮಾತ್ರ ನಗರಸಭೆಯದು! ಇದು ಬೆಂಗಳೂರಿನಲ್ಲೂ ಕಾಣುತ್ತದೆ. ಜೆ.ಸಿ. ರಸ್ತೆಯ ಹತ್ತಿರ ನಿಂತು ಎರಡು ಕಟ್ಟಡ ನೋಡಿ. ಒಂದು 1935ರ ಪುಟ್ಟಣ್ಣ ಚೆಟ್ಟಿ ಪುರಭವನ, ಅದು ಪಾಲಿಕೆಯದು. ಇನ್ನೊಂದು 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರ, ಅದನ್ನು ನೋಡಿಕೊಳ್ಳುವುದು ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ. ಸ್ವಲ್ಪ ನಡೆದರೆ ಕಬ್ಬನ್ ಪಾರ್ಕ್. ಅದು ತೋಟಗಾರಿಕೆ ಇಲಾಖೆಯದು. ಜನರ ಕಣ್ಣಿಗೆ ಎಲ್ಲವೂ 'ಸರ್ಕಾರದ್ದು'. ಬಾಡಿಗೆ ರಸೀದಿ ಕೊಡುವವರು, ದುರಸ್ತಿ ಮಾಡುವವರು ಬೇರೆ ಬೇರೆ.

ಹಾಗಾಗಿ ನನ್ನ ಹೊಸ ಉತ್ತರದಲ್ಲಿ ಮೊದಲ ಕೆಲಸ ಒಂದು ಕೋಷ್ಟಕ. ಪೇಟೆಯ ಪ್ರತಿ ರಸ್ತೆ, ಭವನ, ಶೌಚಾಲಯ, ಪಾರ್ಕ್ ಎದುರು ಮೂರು ಕಾಲಂ. ಜಾಗ ಯಾರದು? ದಿನಾ ಬೆಳಗ್ಗೆ ನೋಡಿಕೊಳ್ಳುವವರು ಯಾರು? ಬಿಲ್ ಕಟ್ಟುವವರು ಯಾರು? ಮೂರರಲ್ಲಿ ಒಂದು ಖಾಲಿ ಇದ್ದರೂ ಅಲ್ಲಿ ಹೊಸದೇನೂ ಕಟ್ಟಬಾರದು ಅನ್ನುವುದು ನನ್ನ ಅಭಿಪ್ರಾಯ. ನಮ್ಮೂರಲ್ಲಿ ಒಂದು ಬಯಲು ರಂಗಮಂದಿರ ಇದೆ. ಉದ್ಘಾಟನೆಗೆ ಎಷ್ಟೊಂದು ಜನ! ಈಗ ಅಲ್ಲಿ ರಾಗಿ ಒಣಗುತ್ತದೆ. ರಾಗಿಗೆ ಒಳ್ಳೆಯ ಜಾಗವೇ, ಸುಳ್ಳು ಹೇಳಬಾರದು.

ಎರಡನೆಯದು ನೆಲದ ಕೆಳಗಿನ ಕೆಲಸ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಪ್ರಶ್ನೆ ಬರುವುದು ಇಲ್ಲೇ.

ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ವಿಠಲ್ ಮಲ್ಯ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ ಮುಂತಾದವನ್ನು 'ಟೆಂಡರ್ ಶ್ಯೂರ್' ಮಾದರಿಯಲ್ಲಿ ಮಾಡಿದರು. ಅದರ ಮೂಲ ವಿಚಾರ ಎರಡು. ಒಂದು, ನೀರಿನ ಪೈಪು, ಒಳಚರಂಡಿ, ಮಳೆನೀರು, ವಿದ್ಯುತ್ ಮತ್ತು ಫೋನ್ ಕೇಬಲ್ಲುಗಳಿಗೆ ಮೊದಲೇ ಜಾಗ ಗೊತ್ತು ಮಾಡಿ ನೆಲದಡಿ ಕೂರಿಸುವುದು. ಕೇಬಲ್ಲುಗಳಿಗೆ ಫುಟ್‌ಪಾತ್ ಕೆಳಗೆ ಕೊಳವೆ, ನಡುನಡುವೆ ತೆರೆದು ನೋಡಲು ಗುಂಡಿ. ಆಮೇಲೆ ಯಾರಿಗೆ ಏನು ಬೇಕಾದರೂ ಮುಚ್ಚಳ ತೆಗೆದು ಎಳೆದುಕೊಳ್ಳಬಹುದು, ರಸ್ತೆ ಅಗೆಯಬೇಕಿಲ್ಲ. ಎರಡು, ವಾಹನದ ದಾರಿಯ ಅಗಲ ಶುರುವಿನಿಂದ ಕೊನೆವರೆಗೆ ಒಂದೇ ಇರಬೇಕು. ರಸ್ತೆ ಒಂದು ಕಡೆ ನಾಲ್ಕು ಸಾಲು, ಮುಂದೆ ಎರಡು ಸಾಲು ಆದರೆ ಆ ಎರಡು ಸಾಲಿನಷ್ಟು ಗಾಡಿಯೇ ದಾಟುವುದು. ಬಾಟಲಿಯ ಹೊಟ್ಟೆ ಎಷ್ಟು ದೊಡ್ಡದಿದ್ದರೇನು, ನೀರು ಬರುವುದು ಕತ್ತಿನ ಅಳತೆಗೆ. ಹೆಚ್ಚಿಗೆ ಉಳಿದ ಅಗಲವನ್ನು ನಡೆಯುವವರಿಗೆ ಕೊಟ್ಟರು. ಫುಟ್‌ಪಾತ್ ಜಾಸ್ತಿ ಆಯಿತು, ರಸ್ತೆ ಕಿರಿದಾಯಿತು ಅಂತ ಆಗ ಗಲಾಟೆಯೂ ಆಯಿತು.

ಈ ಮಾದರಿ ದುಬಾರಿ. ಸಣ್ಣ ಊರಿಗೆ ಗ್ರಾನೈಟು ಬೇಡ, ಕೆಲಸದ ಸರದಿ ಬೇಕು. ಮೊದಲು ಎಲ್ಲಾ ಇಲಾಖೆಯವರ ಜಂಟಿ ಸ್ಥಳ ಪರಿಶೀಲನೆ. ಆಮೇಲೆ ಒಳಚರಂಡಿ, ನೀರು, ಮಳೆನೀರು ಚರಂಡಿ, ಕೇಬಲ್ಲು. ಕಲ್ಲು ಹಾಸುವುದು ಕಟ್ಟಕಡೆಗೆ. ಹೊಸದಾಗಿ ಹಾಸಿದ ಕಲ್ಲನ್ನು ಮೂರೇ ತಿಂಗಳಲ್ಲಿ ಕಿತ್ತು ಪೈಪು ಹಾಕಿದ್ದನ್ನು ನೋಡದ ಊರು ಯಾವುದು ಹೇಳಿ?

ಚರ್ಚ್ ಸ್ಟ್ರೀಟ್ ಇನ್ನೊಂದು ಪಾಠ. 2018ರಲ್ಲಿ ಕಲ್ಲುಹಾಸಿನೊಂದಿಗೆ ಮತ್ತೆ ತೆರೆಯಿತು. 2020ರ ನವೆಂಬರಿನಲ್ಲಿ ವಾರಾಂತ್ಯಕ್ಕೆ ವಾಹನ ನಿಲ್ಲಿಸಿ ಪ್ರಯೋಗ ಮಾಡಿದರು. ಜನ ಬಂದರು, ಮಕ್ಕಳು ಬೀದಿಯಲ್ಲಿ ಓಡಾಡಿದರು. ಪ್ರಯೋಗ ಮುಗಿಯಿತು, ಗಾಡಿ ವಾಪಸ್. ಕಲ್ಲು ಅದೇ, ಬೀದಿಯೂ ಅದೇ. ಶನಿವಾರ ಬೆಳಗ್ಗೆ ಬ್ಯಾರಿಕೇಡ್ ಎಳೆಯಲು ಯಾರಾದರೂ ಇದ್ದಾರಾ ಅನ್ನುವುದರ ಮೇಲೆ ಬೀದಿಯ ಸ್ವಭಾವವೇ ಬದಲಾಗುತ್ತದೆ. ನಕ್ಷೆಯಲ್ಲಿ ಇದು ಕಾಣುವುದಿಲ್ಲ.

ಮೂರನೆಯದು ಬೀದಿ ವ್ಯಾಪಾರಿಗಳು. ನಮ್ಮಲ್ಲಿ ಇಬ್ಬರು 'ಒತ್ತುವರಿ ತೆರವು' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದರು. ಅಂಕ ಹೋಗುವುದು ಇಲ್ಲೇ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಜಾಗ ಬದಲಿಸಲು 30 ದಿನದ ನೋಟಿಸ್ ಬೇಕು. ಇದಕ್ಕೆಂದೇ ಇರುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40% ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಜನಸಂಖ್ಯೆಯ 2.5% ವ್ಯಾಪಾರಿಗಳವರೆಗೆ ಜಾಗ ಕೊಡಬೇಕು ಎನ್ನುವುದು ಅಳತೆ. ನಮ್ಮ 80,000ದ ಊರಿಗೆ ಲೆಕ್ಕ ಹಾಕಿದರೆ 2,000 ಜನ. ಅಷ್ಟು ಜನರನ್ನು ಸುಮ್ನೆ 'ಸ್ಥಳಾಂತರಿಸಲಾಗುವುದು' ಅಂತ ಬರೆದರೆ ಆಗುತ್ತದಾ? ಕೆಲಸ ನಡೆಯುವ ತಿಂಗಳುಗಳಲ್ಲಿ ಅವರು ಎಲ್ಲಿ ಕೂರಬೇಕು ಎನ್ನುವುದೂ ಯೋಜನೆಯ ಭಾಗ. ಹೂವು ಮಾರುವವರಿಗೆ ಶ್ರಾವಣ ಹೋದರೆ ವರ್ಷದ ಸಂಪಾದನೆಯ ದೊಡ್ಡ ಪಾಲೇ ಹೋದ ಹಾಗೆ. ಹಾಗಾಗಿ ಅಗೆತ ಶುರು ಮಾಡುವ ಮುಂಚೆ ಪಂಚಾಂಗ ತೆಗೆದು ನೋಡಿ.

ಈಗ ದುಡ್ಡು. ಎರಡು ಬಗೆಯ ದುಡ್ಡನ್ನು ಬೇರೆ ಮಾಡದೆ ಬರೆದರೆ ಉತ್ತರ ಕೆಡುತ್ತದೆ. ಕಟ್ಟುವ ದುಡ್ಡು ಮೇಲಿನಿಂದ ಬರಬಹುದು. ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಕರ್ನಾಟಕದ ಏಳು ನಗರಗಳಿದ್ದವು, ನಮ್ಮ ಸಣ್ಣ ಊರು ಅದರಲ್ಲಿಲ್ಲ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಇಂಥ ಊರುಗಳಿಗೆ ಶಿಫಾರಸು ಮಾಡಿದ ಕೇಂದ್ರದ ಅನುದಾನದಲ್ಲಿ 60% ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿತ್ತು. ಅದನ್ನು ಕಾರಂಜಿಗೆ ಸುರಿಯಲಾಗದು. ಇನ್ನು ನಡೆಸುವ ದುಡ್ಡು. ಅದು ಊರಿನದೇ ಆಗಬೇಕು: ಆಸ್ತಿ ತೆರಿಗೆ, ಮಳಿಗೆ ಬಾಡಿಗೆ, ಶುಲ್ಕಗಳು. ತೆರಿಗೆ ರಸೀದಿ ನೋಡುವಾಗಲೂ ಹುಷಾರು. 1,000 ರೂಪಾಯಿ ತೆರಿಗೆ ಮೇಲೆ ಗ್ರಂಥಾಲಯ ಕರ 6%, ಅಂದರೆ 60 ರೂಪಾಯಿ. ಭಿಕ್ಷಾಟನೆ ನಿವಾರಣೆ ಕರ 3%, ಅಂದರೆ 30. ವಸೂಲಿ ನಗರಸಭೆಯ ತಲೆನೋವು, ಹಣ ಬೇರೆಯವರದು.

ಹೊರದೇಶದ ಎರಡು ಉಪಾಯಗಳನ್ನೂ ಗುರುತು ಹಾಕಿಕೊಳ್ಳಿ. ಟೊರಾಂಟೊದ ಬ್ಲೂರ್ ವೆಸ್ಟ್ ವಿಲೇಜಿನಲ್ಲಿ 1970ರಲ್ಲಿ ವ್ಯಾಪಾರಿಗಳು ತಮ್ಮ ಬೀದಿಗೆ ತಾವೇ ಹೆಚ್ಚುವರಿ ಕರ ಹಾಕಿಕೊಂಡು ದೀಪ, ಗಿಡ, ಸ್ವಚ್ಛತೆ ನೋಡಿಕೊಳ್ಳುವ ಏರ್ಪಾಡು ಮಾಡಿದರು. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ 1952ರಲ್ಲಿ ಶುರು ಮಾಡಿದ್ದು ಇನ್ನೊಂದು ದಾರಿ. ಪೇಟೆಯ ಇಂದಿನ ತೆರಿಗೆ 10 ಲಕ್ಷ ಇದೆ ಅನ್ನಿ. ಅಭಿವೃದ್ಧಿ ಆದ ಮೇಲೆ 16 ಲಕ್ಷ ಆಯಿತು. ಹೆಚ್ಚಾದ ಆ 6 ಲಕ್ಷವನ್ನು ಅದೇ ಪೇಟೆಯ ಸಾಲ ತೀರಿಸಲು ಕಟ್ಟಿಡುವುದು. ಕೇಳಲು ಚೆನ್ನ. ತೆರಿಗೆ ಏರದಿದ್ದರೆ ಸಾಲ ಮಾತ್ರ ಉಳಿಯುತ್ತದೆ. ನಮ್ಮ ಸಣ್ಣ ಊರಿಗೆ ಮೊದಲನೆಯದೇ ಹತ್ತಿರ ಅಂತ ನನಗನ್ನಿಸುತ್ತದೆ. ಗಣೇಶನ ಚಂದಾ ಎತ್ತುವ ವ್ಯಾಪಾರಿ ಸಂಘ ಎಲ್ಲಾ ಪೇಟೆಯಲ್ಲೂ ಇದೆಯಲ್ಲ.

ಸಮುದಾಯ ಭವನಕ್ಕೆ ಒಂದು ಲೆಕ್ಕ, ಅಂಕಿ ನನ್ನ ಊಹೆಯವು. ಇಬ್ಬರು ಕಾವಲುಗಾರರು 30,000, ಕರೆಂಟು 12,000, ಸ್ವಚ್ಛತೆ 8,000. ತಿಂಗಳಿಗೆ 50,000, ವರ್ಷಕ್ಕೆ 6 ಲಕ್ಷ. ಐದು ವರ್ಷಕ್ಕೊಮ್ಮೆ ಬಣ್ಣ, ದುರಸ್ತಿಗೆ 5 ಲಕ್ಷ ಅಂದರೆ ವರ್ಷಕ್ಕೆ ಇನ್ನೊಂದು ಲಕ್ಷ. ದಿನಕ್ಕೆ 5,000 ಬಾಡಿಗೆ ಇಟ್ಟರೆ 140 ದಿನ ಭರ್ತಿ ಆಗಬೇಕು. ಆಷಾಢ ಮತ್ತು ಧನುರ್ಮಾಸದಲ್ಲಿ ಮದುವೆ ಇಲ್ಲ. ಮಿಕ್ಕ ಹತ್ತು ತಿಂಗಳಲ್ಲಿ ಎಲ್ಲಾ ದಿನ ಮುಹೂರ್ತವೂ ಇರುವುದಿಲ್ಲ. ಹಾಗಾದರೆ ಭವನ ಬೇಡವೇ? ಬೇಕು. ಮದುವೆ ಒಂದನ್ನೇ ನಂಬಿ ಕಟ್ಟಬೇಡಿ ಅಷ್ಟೇ. ಬೆಳಗ್ಗೆ ಯೋಗ, ಮಧ್ಯಾಹ್ನ ಸ್ವಸಹಾಯ ಸಂಘ, ಸಂಜೆ ಓದುವ ಕೋಣೆ ಅಂತ ಸಣ್ಣ ಸಣ್ಣ ಕೋಣೆಗಳನ್ನು ನಕ್ಷೆಯಲ್ಲೇ ಬಿಡಬೇಕು. ನಷ್ಟ ಬಂದರೆ ಎಷ್ಟು ಅಂತ ಬಜೆಟ್ಟಿನಲ್ಲಿ ಮೊದಲೇ ಬರೆದಿಡಬೇಕು. ಸಾರ್ವಜನಿಕ ಭವನ ಲಾಭ ಮಾಡಬೇಕಿಲ್ಲ, ಆದರೆ ನಷ್ಟಕ್ಕೆ ಒಂದು ಹೆಸರು, ಬಜೆಟ್ಟಿನಲ್ಲಿ ಒಂದು ಲೆಕ್ಕ ಶೀರ್ಷಿಕೆ ಇರಬೇಕು.

ಉಳಿದದ್ದು ಪಾರ್ಕಿಂಗ್ ಜಗಳ. ಬೆಂಗಳೂರಿನ ಗಾಂಧಿ ಬಜಾರಿನ ನವೀಕರಣದ ಹೊತ್ತಿನಲ್ಲೂ ಇದೇ ದೊಡ್ಡ ಮಾತಾಗಿತ್ತು. ಗಾಡಿ ನಿಲ್ಲಿಸಲು ಜಾಗ ಇಲ್ಲದಿದ್ದರೆ ಗಿರಾಕಿ ಬರಲ್ಲ ಅನ್ನುವುದು ಅಂಗಡಿಯವರ ಭಯ. ಆ ಭಯ ಸುಳ್ಳು ಅಂತ ವಾದಿಸಿ ಪ್ರಯೋಜನವಿಲ್ಲ, ನಿಜ ಅಂತ ಒಪ್ಪಿಕೊಳ್ಳುವುದೂ ಬೇಡ. ಎಣಿಸಬೇಕು. ಒಂದು ಗಂಟೆಯಲ್ಲಿ ಎಷ್ಟು ಜನ ನಡೆದು ಬಂದರು, ಎಷ್ಟು ಜನ ಬಸ್ಸು, ಎಷ್ಟು ಸ್ಕೂಟರು, ಎಷ್ಟು ಕಾರು. ನಿಂತ ಗಾಡಿ ಗಿರಾಕಿಯದೋ, ಬೆಳಗ್ಗೆಯಿಂದ ರಾತ್ರಿವರೆಗೆ ನಿಲ್ಲುವ ಅಂಗಡಿಯವರದೋ. ಒಂದು ಮಾಮೂಲಿ ದಿನ, ಒಂದು ಹಬ್ಬದ ಹಿಂದಿನ ದಿನ. ನಾವೂ ಈ ಬುಧವಾರ ಸಂಜೆ 5ಕ್ಕೆ ಗಾಂಧಿ ಬಜಾರಿಗೆ ಹೋಗಿ ಎಣಿಸೋಣ. ನಾನು ಹೂವಿನ ಸಾಲಿನ ಕಡೆ ನಿಂತಿರುತ್ತೇನೆ. ಪೆನ್ನು ನೀವೇ ತನ್ನಿ, ಎಣಿಕೆ ಮುಗಿದ ಮೇಲೆ ದೋಸೆ.