ಗೆಲಾಕ್ಸಿಯೇ ಮಸೂರವಾದಾಗ: ವಿಶ್ವದ ವೇಗ ಅಳೆಯುವ ದಾರಿಯ ಹಿನ್ನೆಲೆ

ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂಬ ಪ್ರಶ್ನೆಗೆ ಇಂದು ಎರಡು ಉತ್ತರಗಳಿವೆ. ಆದಿಕಾಲದ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ಲೆಕ್ಕದಲ್ಲಿ ಆ ವೇಗವನ್ನು ಸೂಚಿಸುವ ಹಬಲ್ ಸ್ಥಿರಾಂಕ ಸುಮಾರು 67. ಸೂಪರ್‌ನೋವಾಗಳನ್ನು (ಸಿಡಿಯುವ ನಕ್ಷತ್ರಗಳನ್ನು) ಆಧರಿಸಿದ ಲೆಕ್ಕದಲ್ಲಿ ಸುಮಾರು 73. ಅಂದರೆ ಸುಮಾರು 32.6 ಲಕ್ಷ ಜ್ಯೋತಿರ್ವರ್ಷ ದೂರ ಹೆಚ್ಚಿದಂತೆಲ್ಲ ಗೆಲಾಕ್ಸಿಗಳು ದೂರ ಸರಿಯುವ ವೇಗ ಸೆಕೆಂಡಿಗೆ ಅಷ್ಟು ಕಿಲೋಮೀಟರ್ ಹೆಚ್ಚುತ್ತದೆ. ಈ ವಿವಾದದಲ್ಲಿ ಮೂರನೆಯ ಸಾಕ್ಷಿಯಾಗಿ ಬಂದದ್ದು ಗುರುತ್ವ ಮಸೂರ, ಅಂದರೆ ಹಿಂದಿನ ಆಕರದ ಬೆಳಕನ್ನು ತನ್ನ ಗುರುತ್ವದಿಂದ ಬಾಗಿಸುವ ಕಾಯ.

ದ್ರವ್ಯರಾಶಿ ಬೆಳಕಿನ ಹಾದಿಯನ್ನು ಬಾಗಿಸುತ್ತದೆ ಎಂಬುದು 1919ರ ಸೂರ್ಯಗ್ರಹಣದಲ್ಲಿ ಕಂಡುಬಂದಿತ್ತು. ಒಂದು ನಕ್ಷತ್ರ ಇನ್ನೊಂದಕ್ಕೆ ಮಸೂರವಾಗುವುದನ್ನು ನೋಡುವ ಭರವಸೆಯಿಲ್ಲವೆಂದು 1936ರಲ್ಲಿ ಐನ್‌ಸ್ಟೈನ್ ಬರೆದರು. ಮರುವರ್ಷವೇ ಖಗೋಳಜ್ಞ ಫ್ರಿಟ್ಜ್ ಜ್ವಿಕಿ, ನಕ್ಷತ್ರವಲ್ಲದಿದ್ದರೆ ಗೆಲಾಕ್ಸಿಯೇ ಆ ಕೆಲಸ ಮಾಡೀತು ಎಂದರು. 1964ರಲ್ಲಿ ನಾರ್ವೆಯ ಷೂರ್ ರೆಫ್ಸ್‌ಡಾಲ್ ಅದಕ್ಕೊಂದು ಉಪಯೋಗ ತೋರಿಸಿದರು: ಒಂದೇ ಆಕರದ ಬೆಳಕು ಎರಡು ಹಾದಿಗಳಲ್ಲಿ ಬಂದರೆ ಒಂದು ಬಿಂಬದ ಹೊಳಪಿನ ಏರಿಳಿತ ಇನ್ನೊಂದರಲ್ಲಿ ತಡವಾಗಿ ಕಾಣುತ್ತದೆ, ಆ ತಡದಿಂದ ಹಬಲ್ ಸ್ಥಿರಾಂಕವನ್ನು ಲೆಕ್ಕಹಾಕಬಹುದು.

ಆಕಾಶದಲ್ಲಿ ಅಂಥದ್ದು ಸಿಕ್ಕಿದ್ದು 1979ರಲ್ಲಿ. ವಾಲ್ಷ್, ಕಾರ್ಸ್‌ವೆಲ್ ಮತ್ತು ವೇಮನ್ ಎಂಬ ಖಗೋಳಜ್ಞರು ಗುರುತಿಸಿದ, ಬಹು ದೂರದ ಗೆಲಾಕ್ಸಿಯೊಂದರ ಅತಿ ಹೊಳಪಿನ ಕೇಂದ್ರವಾದ ಅವಳಿ ಕ್ವೇಸಾರ್‌ನ ಎರಡು ಬಿಂಬಗಳು ಕೇವಲ 6 ಆರ್ಕ್‌ಸೆಕೆಂಡ್ (ಡಿಗ್ರಿಯ 3,600ನೇ ಒಂದು ಭಾಗವೇ ಒಂದು ಆರ್ಕ್‌ಸೆಕೆಂಡ್) ಅಂತರದಲ್ಲಿದ್ದವು. ಒಂದು ಬಿಂಬ ಇನ್ನೊಂದಕ್ಕಿಂತ ಎಷ್ಟು ದಿನ ಹಿಂದಿದೆ ಎಂಬ ಸರಳ ಪ್ರಶ್ನೆಗೆ ಉತ್ತರ ಸಿಗಲು ಮಾತ್ರ ಹದಿನೈದು ವರ್ಷಕ್ಕೂ ಹೆಚ್ಚು ಹಿಡಿಯಿತು. ಅವೇ ವೀಕ್ಷಣೆಗಳನ್ನು ಕೆಲವರು ಸುಮಾರು 415 ದಿನಗಳಿಗೆ ಹೊಂದಿಸಿದರೆ, ಕೆಲವರು 536ಕ್ಕೆ ಹೊಂದಿಸಿದರು. ಋತುಮಾನದಿಂದಾಗಿ ದಾಖಲೆಯಲ್ಲಿ ಉಳಿಯುತ್ತಿದ್ದ ಖಾಲಿ ಜಾಗಗಳು ಎರಡೂ ಪಕ್ಷಗಳಿಗೆ ಅವಕಾಶ ಕೊಟ್ಟಿದ್ದವು. 1994ರ ಡಿಸೆಂಬರ್‌ನಲ್ಲಿ ಮೊದಲ ಬಿಂಬ ಥಟ್ಟನೆ ಮಂಕಾಯಿತು. ಎರಡನೆಯದು ಯಾವಾಗ ಮಂಕಾಗಬೇಕೆಂದು ಖಗೋಳಜ್ಞರು ಮುಂಚಿತವಾಗಿಯೇ ಹೇಳಿ ಕಾದರು. 1996ರ ಆರಂಭದಲ್ಲಿ ಅದು ಮಂಕಾಯಿತು, ತಡ 417 ದಿನ. ಹೆಚ್ಚು ಚತುರವಾದ ಗಣಿತಕ್ಕಿಂತ ಬಿಡದೆ ಮಾಡಿದ ವೀಕ್ಷಣೆಯೇ ಇಲ್ಲಿ ಗೆದ್ದಿತೆಂಬುದನ್ನು ಮರೆಯಬಾರದು.

ಆ ಬಗೆಯ ವೀಕ್ಷಣೆಗೆ ದೊಡ್ಡ ದೂರದರ್ಶಕ ಬೇಕಿಲ್ಲ, ವರ್ಷಗಟ್ಟಲೆ ಅದೇ ಕ್ವೇಸಾರ್‌ನತ್ತ ತಿರುಗುವ ತಾಳ್ಮೆ ಬೇಕು. ಲಡಾಖ್‌ನ ಹಾನ್ಲೆಯಲ್ಲಿರುವ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ದೂರದರ್ಶಕವೂ ಹೀಗೆ ದುಡಿದಿದೆ. ಹೊಸಕೋಟೆಯ ಕೇಂದ್ರದಿಂದಲೇ ಅದನ್ನು ನಡೆಸುತ್ತಾರೆ. ಇನ್ನೆರಡು ದೂರದರ್ಶಕಗಳ ದಾಖಲೆಯೊಂದಿಗೆ ಅದರ ದಾಖಲೆಯನ್ನೂ ಸೇರಿಸಿ 2013ರಲ್ಲಿ ಮತ್ತೊಂದು ಜೋಡಿ ಬಿಂಬದ ತಡವನ್ನು ಸುಮಾರು 119 ದಿನವೆಂದು ನಿಗದಿಪಡಿಸಲಾಯಿತು. ಇಂಥ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ.

ಈಗ ಉಳಿದಿರುವ ತೊಡಕು ಮಸೂರದ ಒಳಗಿನದು. ಗೆಲಾಕ್ಸಿಯ ಸುತ್ತ ಸಮನಾಗಿ ಹರಡಿದ ದ್ರವ್ಯದ ತೆಳು ಹಾಳೆಯೊಂದನ್ನು ಊಹಿಸಿ ಉಳಿದದ್ದನ್ನು ತಕ್ಕಂತೆ ಸರಿದೂಗಿಸಿದರೆ ಬಿಂಬಗಳ ಸ್ಥಾನ ಬದಲಾಗುವುದಿಲ್ಲ, ಹಬಲ್ ಸ್ಥಿರಾಂಕ ಮಾತ್ರ ಬದಲಾಗುತ್ತದೆ. ಇದು 1985ರಿಂದಲೇ ತಿಳಿದ ಸಂಗತಿ. ಆರು ಮಸೂರಗಳ ಅಧ್ಯಯನವೊಂದು 73.3 ಎಂದಾಗ ವಿವಾದ ತೀರಿತೆಂಬ ಭಾವನೆ ಹಲವೆಡೆ ಮೂಡಿತ್ತು. 2020ರಲ್ಲಿ ದ್ರವ್ಯದ ಹಂಚಿಕೆಯ ಕುರಿತ ಊಹೆಯನ್ನು ಸಡಿಲಿಸಿ ಏಳು ಮಸೂರಗಳನ್ನು ಪರಿಶೀಲಿಸಿದಾಗ ಅನಿಶ್ಚಿತತೆ ಸುಮಾರು ಆರು ಅಂಕಗಳವರೆಗೆ ಹಿಗ್ಗಿತು. ಬೇರೆ ಮಸೂರ ಗೆಲಾಕ್ಸಿಗಳ ಮಾಹಿತಿಯನ್ನೂ ಸೇರಿಸಿದಾಗ ಮೌಲ್ಯ 67.4ಕ್ಕೆ ಇಳಿಯಿತು. ಅಳತೆ ತಪ್ಪಿರಲಿಲ್ಲ, ಭರವಸೆ ಮಾತ್ರ ಅವಸರದ್ದಾಗಿತ್ತು. ಮಸೂರ ಗೆಲಾಕ್ಸಿಯ ನಕ್ಷತ್ರಗಳು ಅದರ ಬೇರೆಬೇರೆ ಭಾಗಗಳಲ್ಲಿ ಎಷ್ಟು ವೇಗವಾಗಿ ಚಲಿಸುತ್ತವೆ ಎಂದು ಅಳೆದರೆ ಆ ಕಾಣದ ಹಾಳೆಗೆ ಮಿತಿ ಹಾಕಬಹುದು. ಜೇಮ್ಸ್ ವೆಬ್ ದೂರದರ್ಶಕ ಈಗ ಆ ಅಳತೆಗೆ ನೆರವಾಗುತ್ತಿದೆ.